ಮಗಳಿಗೆಂದು ಇಟ್ಟ ಕಲ್ಲು

ಹನ್ನೊಂದು ಜನ ಹೆಂಗಸರು, ನೈಟಿಯ ಮೇಲೊಂದು ಟವೆಲ್ ಹಾಕಿಕೊಂಡು, ಅಂಗಳದಲ್ಲಿ ಸಾಲಾಗಿ ಕುಳಿತು ಕಲ್ಲಿಗೆ ಹೊಡೆಯುತ್ತಿದ್ದರು. ಜಲ್ಲಿ ಒಡೆಯುವವರಲ್ಲ. ಒಬ್ಬೊಬ್ಬರ ಮುಂದೆ ಒಂದೊಂದು ಕರಿಕಲ್ಲು, ಎರಡು ಕೈಯಲ್ಲೂ ಗಿಡ್ಡನೆಯ ದಪ್ಪ ಕೋಲು. ಎಲ್ಲರ ಕೋಲೂ ಒಟ್ಟಿಗೆ ಏಳುತ್ತಿತ್ತು, ಒಟ್ಟಿಗೆ ಬೀಳುತ್ತಿತ್ತು. ಎದುರಿಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತಿದ್ದ ಬಿಳಿ ಮುಂಡು ಉಟ್ಟ ಮನುಷ್ಯ ಕಣ್ಣು ಮುಚ್ಚಿಕೊಂಡು ತಲೆ ಆಡಿಸುತ್ತಿದ್ದರು. ಚೆಂಡೆ ಕಲಿಸುವ ಮನೆ ಇದೇ ಎಂದು ಬಸ್ಸಿನ ಕಂಡಕ್ಟರ್ ನನ್ನನ್ನು ಇಳಿಸಿ ಹೋಗಿದ್ದ. ನೋಡಿದರೆ ಅಂಗಳದಲ್ಲಿ ಎಲ್ಲೂ ಒಂದು ಚೆಂಡೆ ಇರಲಿಲ್ಲ.

ಇದನ್ನು ಓದುವ ಬ್ಯಾಡಗಿ ಕಡೆಯ ನೀವು ನಂಬಲಿಕ್ಕಿಲ್ಲ. ನಮ್ಮಲ್ಲಿ ಡೊಳ್ಳು ಕಲಿಯುವವನಿಗೆ ಮೊದಲ ದಿನವೇ ಡೊಳ್ಳು ಕಟ್ಟುತ್ತಾರೆ. ಹೊಡೆಯುತ್ತಾ ಹೊಡೆಯುತ್ತಾ, ಬೈಸಿಕೊಳ್ಳುತ್ತಾ ಕಲಿಯುವುದು. ಇಲ್ಲಿ ಹಾಗಲ್ಲ. ಎರಡು ತಿಂಗಳು ಕಲ್ಲಿನ ಮುಂದೆ ಕೂರಬೇಕು. ಕೋಲಿಗೆ ‘ಪುಳಿಮುಟ್ಟಿ’ ಎನ್ನುತ್ತಾರೆ, ಹುಣಸೆ ಮರದ್ದು. ಕಲ್ಲು ನಾದ ಕೊಡುವುದಿಲ್ಲ, ಆದ್ದರಿಂದ ಕೈಯ ತಪ್ಪು ಅಡಗುವುದಿಲ್ಲ. ಕಲ್ಲಿನ ಮೇಲೆ ಸರಿಯಾದ ಕೈ ಚೆಂಡೆಯ ಮೇಲೆ ಸರಿಯಾಗಿಯೇ ಬೀಳುತ್ತದೆ ಎಂಬುದು ಲೆಕ್ಕ.

ಆ ಅಂಗಳಕ್ಕೆ ನಾನು ಹೋದದ್ದು ನನಗಾಗಿ ಅಲ್ಲ. ಮಗಳಿಗೆ ಗುರು ಹುಡುಕಲಿಕ್ಕೆ. ಆಮೇಲೆ ಆದದ್ದನ್ನು ಬರೆಯಲು ಒಂದು ವರ್ಷ ಬೇಕಾಯಿತು.

ನಾನು ಓದಿದ್ದು ಎಸ್ಸೆಸ್ಸೆಲ್ಸಿವರೆಗೆ. ಮೆಣಸಿನಕಾಯಿ ಪೇಟೆಯಲ್ಲಿ ತೂಕದವನಾಗಿ ಆಯುಷ್ಯ ಕಳೆದೆ. ಹೆಂಡತಿ ನೀಲವ್ವ ತೀರಿಕೊಂಡ ಮೇಲೆ ಮಗಳು ಶೈಲಾ ಬಂದು, ನನ್ನ ನಾಲ್ಕು ಅಂಗಿ ಮಡಚಿ ಚೀಲಕ್ಕೆ ತುಂಬಿ, ರಾಜ್ಯದ ಗಡಿ ದಾಟಿ ಹೊಸಂಗಡಿಗೆ ಕರೆದುಕೊಂಡು ಬಂದಳು. ಅವಳ ಗಂಡ ಹರೀಶ ಇಲ್ಲಿಯವನು, ತುಳು ಮನೆಮಾತಿನವನು. ಹುಬ್ಬಳ್ಳಿಯ ಹೋಟೆಲಿನಲ್ಲಿ ಕೆಲಸಕ್ಕಿದ್ದಾಗ ಅವಳನ್ನು ಮದುವೆಯಾದ. ಈಗ ಗಲ್ಫಿನಲ್ಲಿದ್ದಾನೆ. ಮೊಮ್ಮಗಳು ಮಂಗಳೂರಿನ ಹಾಸ್ಟೆಲಿನಲ್ಲಿ. ಶೈಲಾ ಹೆದ್ದಾರಿಯ ಪಕ್ಕದ ಕಟ್ಟಡದಲ್ಲಿ ಹೆಂಗಸರ ಬಟ್ಟೆ ಹೊಲಿಯುವ ಅಂಗಡಿ ಇಟ್ಟಿದ್ದಾಳೆ.

ಬಂದ ಹೊಸತರಲ್ಲಿ ನಾನು ಕಿವಿ ಇದ್ದೂ ಕಿವುಡ, ಕಣ್ಣಿದ್ದೂ ಕುರುಡ. ಪಕ್ಕದ ಮನೆಯಲ್ಲಿ ತುಳು, ಎದುರು ಮನೆಯಲ್ಲಿ ಬ್ಯಾರಿ, ರೇಷನ್ ಅಂಗಡಿಯ ಕಾಗದದಲ್ಲಿ ಮಲಯಾಳ. ಕನ್ನಡ ಎಲ್ಲರಿಗೂ ಬರುತ್ತದೆ, ಆದರೆ ಅದು ನನ್ನ ಕನ್ನಡವಲ್ಲ. ನಾನು ಬಾಯಿ ತೆರೆದರೆ ಅಂಗಡಿಯವರು ನಗುಮುಖ ಮಾಡಿ, “ನೀವು ಘಟ್ಟದ ಮೇಲಿನವರಾ?” ಎನ್ನುತ್ತಾರೆ. ಅನ್ನದ ಅಕ್ಕಿ ಕಡಲೆಕಾಳಿನಷ್ಟು ದಪ್ಪ. ಊರಲ್ಲಿ ಖಾರ ಮೂಗಿಗೆ ಏರುತ್ತದೆ, ಇಲ್ಲಿ ತೆಂಗಿನಕಾಯಿ ಅದನ್ನು ಮಲಗಿಸಿಬಿಡುತ್ತದೆ. ಊರಲ್ಲಿ ಕಟ್ಟೆಯ ಮೇಲೆ ಕೂತರೆ ನಾಲ್ಕು ಜನ ಬಂದು ಕೂರುತ್ತಾರೆ. ಇಲ್ಲಿ ಮನೆಗೊಂದು ಕಾಂಪೌಂಡು, ಕಾಂಪೌಂಡಿಗೊಂದು ಗೇಟು. ಬಸ್ಸಿನ ಬೋರ್ಡು ಓದಲಾಗದೆ ಬಣ್ಣ ನೋಡಿ ಹತ್ತುವುದನ್ನು ಕಲಿತದ್ದೇ ನನ್ನ ಮೊದಲ ಗೆಲುವು.

ಇಡೀ ದಿನ ಕಾಯುತ್ತಿದ್ದದ್ದು ಸಂಜೆಗೆ. ಆರೂವರೆಗೆ ಶೈಲಾ ಬರುತ್ತಿದ್ದಳು. ಅವಳು ಅಡುಗೆ ಮಾಡುತ್ತಾ, ನಾನು ಬಾಗಿಲ ಹತ್ತಿರ ಮಣೆ ಹಾಕಿಕೊಂಡು ಕೂತು ಮಾತಾಡುತ್ತಿದ್ದೆವು. ಎರಡು ತಾಸು ಅವಳು ನಮ್ಮೂರ ಭಾಷೆಗೆ ಮರಳುತ್ತಿದ್ದಳು. ಆ ಎರಡು ತಾಸಿಗಾಗಿ ನಾನು ಬೆಳಿಗ್ಗೆ ಏಳುತ್ತಿದ್ದೆ.

ಒಂದು ದಿನ ಅವಳ ಅಂಗಡಿಯ ಎದುರು ಹೊಸ ಬಟ್ಟೆಯಂಗಡಿ ಉದ್ಘಾಟನೆಯಾಯಿತು. ಹೆಂಗಸರದ್ದೇ ಒಂದು ಸಿಂಗಾರಿ ಮೇಳ ಬಂದಿತ್ತು. ಹೆಗಲಿಗೆ ಚೆಂಡೆ ತೂಗುಹಾಕಿಕೊಂಡು, ಕುಣಿಯುತ್ತಾ ಹೊಡೆಯುವ ತಂಡಕ್ಕೆ ಇಲ್ಲಿ ಹಾಗೆನ್ನುತ್ತಾರೆ. ಶೈಲಾ ಕೊರಳಲ್ಲಿ ಅಳತೆ ಟೇಪು ಇಟ್ಟುಕೊಂಡೇ ಹೊರಗೆ ಬಂದು ನಿಂತವಳು, ಅದು ಮುಗಿಯುವವರೆಗೆ ಒಳಗೆ ಹೋಗಲಿಲ್ಲವಂತೆ. ಸಂಜೆ ಮನೆಗೆ ಬಂದು ಹೇಳಿದಳು:

“ಅಪ್ಪಾ, ನನಗ ಅದನ್ನ ಕಲೀಬೇಕಾಗೇತಿ.”

“ಯಾವುದನ್ನವ್ವಾ?”

“ಚೆಂಡೆ. ನಗಬ್ಯಾಡ. ಇಷ್ಟ ವರ್ಷ ಮಂದಿ ಅಳತಿ ತಗದದ್ದ ಆತು. ನೀ ಹ್ಯಾಂಗೂ ಹಗಲೆಲ್ಲ ತಿರಗ್ತಿ. ಒಬ್ಬ ಗುರುಗಳನ್ನ ಹುಡುಕಿ ಕೊಡು. ಏನೂ ಬಾರದವ್ರಿಗೆ ಮೊದಲಿಂದ ಕಲಸವ್ರು ಬೇಕು. ಮಧ್ಯಾಹ್ನದ ಮ್ಯಾಲ ಆದ್ರೂ ಆದೀತು. ಹೊಲಿಗಿ ಮನೀಗೆ ತಂದು ಸಂಜೀಗೆ ಕೂತು ಮುಗಸ್ತೀನಿ.”

ಈ ಕೊನೆಯ ಮಾತು ನನ್ನ ಎದೆಯಲ್ಲಿ ಉಳಿಯಿತು. ಸಂಜೆ ಹೊಲಿಗೆ. ಅಂದರೆ ಸಂಜೆ ಮಾತಿಲ್ಲ.

ಆದರೂ ಹುಡುಕಲು ಹೊರಟೆ. ಮೊದಲು ಪೆರ್ಲದ ಕಡೆ ಒಬ್ಬ ನಿವೃತ್ತ ಮಾಸ್ತರರ ಮನೆಗೆ ಹೋದೆ. ಯಕ್ಷಗಾನದ ಚೆಂಡೆ ಮದ್ದಳೆ ಕಲಿಸುವವರು. ಬೆಲ್ಲ ನೀರು ಕೊಟ್ಟು ಕೂರಿಸಿ ಕೇಳಿದರು: “ನಿಮ್ಮ ಮಗಳಿಗೆ ಯಾವ ಚೆಂಡೆ ಬೇಕು? ಆಟದ್ದಾ, ಮೇಳದ್ದಾ?”

“ಎರಡೂ ಒಂದೇ ಅಲ್ಲೇನ್ರಿ? ನನ್ನ ಕಣ್ಣಿಗೆ ಹಂಗ ಕಾಣಸ್ತಾವ.”

“ಅದೊಂದು ಮಾತು ಇಲ್ಲಿ ಹೇಳಬೇಡಿ ಮಾರಾಯ್ರೆ! ಮರ ಒಂದೇ, ಚರ್ಮ ಒಂದೇ, ನುಡಿ ಬೇರೆ. ನನ್ನ ಹತ್ರ ಆಟದ್ದು, ಯಕ್ಷಗಾನದ್ದು ಉಂಟು. ಅದಕ್ಕೆ ಪದ ಗೊತ್ತಿರಬೇಕು, ತಾಳ ಗೊತ್ತಿರಬೇಕು. ಅವರು ನೋಡಿದ್ದು ಸಿಂಗಾರಿ ಮೇಳವಾದರೆ ಬಾಲಕೃಷ್ಣ ಆಶಾನರಲ್ಲಿಗೆ ಹೋಗಿ. ಕಲಿಸಿದರೆ ಅವರೇ ಕಲಿಸಬೇಕು.”

‘ಆಶಾನ್’ ಎಂದರೆ ಮಲಯಾಳದಲ್ಲಿ ಗುರು. ಹೀಗೆ ನಾನು ಕಲ್ಲಿಗೆ ಹೊಡೆಯುವ ಹೆಂಗಸರ ಅಂಗಳಕ್ಕೆ ಬಂದೆ.

ಆಶಾನರಿಗೆ ಅರವತ್ತರ ಹತ್ತಿರ. ಕನ್ನಡವನ್ನು ನಿಧಾನವಾಗಿ, ಒಂದೊಂದೇ ಪದ ಆರಿಸಿಕೊಂಡು ಮಾತಾಡುತ್ತಾರೆ. ನನ್ನ ಮಾತು ಕೇಳಿ, “ಬರ್ಲಿ” ಎಂದರು. “ಕಲ್ಲಿನವರು ಮೂರು ಗಂಟೆಗೆ, ಐದರ ತನಕ. ಮುಂದುವರಿದವರು ಬೆಳಿಗ್ಗೆ, ಹಿಂದಿನ ಶೆಡ್ಡಿನಲ್ಲಿ. ಈ ತಂಡ ಶುರುವಾಗಿ ಮೂರು ದಿವಸ ಆಯ್ತು. ಈ ವಾರದೊಳಗೆ ಬಂದ್ರೆ ಸೇರಿಸ್ತೇನೆ. ಆಮೇಲೆ ಆಗುದಿಲ್ಲ. ಒಟ್ಟಿಗೆ ಕಲ್ಲಿಗೆ ಕೂತವರು ಒಟ್ಟಿಗೇ ಕಲ್ಲು ಬಿಡ್ಬೇಕು, ಒಟ್ಟಿಗೇ ಅರಂಗೇಟ್ರ ಮಾಡ್ಬೇಕು, ಜನರ ಎದುರು ಮೊದಲ ಮೇಳ. ತಪ್ಪಿದ್ರೆ ಬರುವ ವರ್ಷ.”

“ವಯಸ್ಸು ನಲವತ್ನಾಲ್ಕರಿ ಆಕೀಗೆ.”

ಸಾಲಿನ ಕೊನೆಯಲ್ಲಿ ಕೂತಿದ್ದ ದಪ್ಪನೆಯ ಹೆಂಗಸು ಕೋಲು ನಿಲ್ಲಿಸಿ ನಕ್ಕಳು. ಅವಳು ಜಲಜಕ್ಕ, ಅಂಗನವಾಡಿಯಲ್ಲಿ ಅಡುಗೆ ಮಾಡುವವಳು. “ಅಜ್ಜಾ, ನಲವತ್ನಾಲ್ಕು ಅಂದ್ರೆ ಇಲ್ಲಿ ಮದುಮಗಳು. ಕಳಿಸಿ ಕಳಿಸಿ, ನನ್ನ ಬದಿಯಲ್ಲೇ ಕೂರಿಸಿಕೊಳ್ತೇನೆ.”

ಆಶಾನ್ ಎದ್ದು ಹೋಗಿ ಹನ್ನೆರಡನೆಯ ಕಲ್ಲೊಂದನ್ನು ತಂದು, ನೀರು ಹಾಕಿ ತೊಳೆದು, ಸಾಲಿನಲ್ಲಿ ಇಟ್ಟರು.

ಬಸ್ಸಿನಲ್ಲಿ ಮರಳುವಾಗ ನನ್ನ ಮನಸ್ಸಿನಲ್ಲಿ ಏನಿತ್ತು ಎಂದು ಎಷ್ಟೋ ಸಲ ಕೆದಕಿ ನೋಡಿದ್ದೇನೆ. ಸುಳ್ಳು ಹೇಳಬೇಕೆಂದು ಹೊರಟಿರಲಿಲ್ಲ. ಆದರೆ ಮನೆಗೆ ಬಂದ ಶೈಲಾ ಚಪ್ಪಲಿ ಬಿಡುವ ಮೊದಲೇ, “ಸಿಕ್ರೇನಪ್ಪಾ?” ಎಂದಾಗ ನನ್ನ ಬಾಯಿಂದ ಬಂದದ್ದು ಇದು:

“ಸಿಕ್ರವ್ವಾ. ಆದ್ರ ನಲವತ್ತು ದಾಟಿದವ್ರನ್ನ ತಗೊಳ್ಳೂದಿಲ್ಲಂತ.”

ಅವಳು ಬಗ್ಗಿ ಚಪ್ಪಲಿ ಬಿಟ್ಟಳು. “ಹೌದಾ. ಇರ್ಲಿ ಬಿಡು,” ಎಂದು ಕೈಕಾಲು ತೊಳೆಯಲು ಹೋದಳು.

ಮರುದಿನ ಆಶಾನರಿಗೆ ಮಗಳು ಬರುವುದಿಲ್ಲ ಎಂದು ಹೇಳಿ ಬರಲು ಹೋದೆ. ತೊಳೆದ ಕಲ್ಲು ಅಲ್ಲೇ ಇತ್ತು. ಅದರ ಮೇಲೆ ಎರಡು ಕೋಲು. “ಎಲ್ಲಿ ಮಗಳು?” ಎಂದರು. “ಕೆಲಸ ಐತ್ರಿ, ನಾಳೆ...” ಎಂದೆ.

“ಹಾಗಾದ್ರೆ ಇವತ್ತು ನೀವು ಕೂರಿ. ಸಾಲಿನಲ್ಲಿ ಖಾಲಿ ಕಲ್ಲು ಇರ್ಬಾರದು. ಅವಳು ಬರುವ ತನಕ ಮನೆಯವರು ಯಾರಾದ್ರೂ ಜಾಗ ಕಾಯ್ಬೇಕು.”

ಇದು ಅವರ ಕ್ರಮ. ಹಲ್ಲಿನ ಸಾಲಿನಲ್ಲಿ ಒಂದು ಬಿದ್ದರೆ ಉಳಿದವು ಸಡಿಲಾಗುವ ಹಾಗೆ, ಸಾಲಿನಲ್ಲಿ ಒಂದು ಜಾಗ ಖಾಲಿ ಬಿದ್ದರೆ ಪಕ್ಕದವರ ಕೈ ತಪ್ಪುತ್ತದಂತೆ. ಕೂತೆ. ಎಪ್ಪತ್ತೊಂದು ವರ್ಷದ ಮೊಣಕಾಲು ಮಡಚಿ, ಮೊದಲ ಪಾಠ ಹೊಡೆದೆ. ‘ಗಣಪತಿಕೈ’ ಎನ್ನುತ್ತಾರೆ, ಗಣಪತಿಗೆ ಸಲ್ಲಿಸುವ ಕೈ. ಜಲಜಕ್ಕ ಪಕ್ಕದಿಂದ ಹೇಳಿದಳು: “ಮೆಲ್ಲ ಅಜ್ಜ, ಮೆಲ್ಲ. ಕಲ್ಲಿಗೂ ಪ್ರಾಯ ಆಗಿದೆ.” ಎಲ್ಲರೂ ನಕ್ಕರು, ನಾನೂ ನಕ್ಕೆ. ಈ ಊರಿಗೆ ಬಂದ ಮೇಲೆ ಜನರ ನಡುವೆ ಕೂತು ನಕ್ಕದ್ದು ಅದೇ ಮೊದಲು.

ಮರುದಿನವೂ ಹೋದೆ. ಅದರ ಮರುದಿನವೂ. ದಿನಾ “ನಾಳೆ ಬರ್ತಾಳ್ರಿ” ಎನ್ನುತ್ತಿದ್ದೆ. ಒಂದು ವಾರದ ನಂತರ ಯಾರೂ ಕೇಳಲಿಲ್ಲ. ನಾನು ಮಗಳ ಜಾಗ ಕಾಯುತ್ತಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡೆ. ಐದಕ್ಕೆ ಮುಗಿಸಿ, ಬಸ್ಸು ಹಿಡಿದು, ಶೈಲಾ ಬರುವಷ್ಟರಲ್ಲಿ ಮನೆಯಲ್ಲಿರುತ್ತಿದ್ದೆ. ಅಂಗೈಯ ಬೊಕ್ಕೆ ಕಂಡು ಅವಳು ಕೇಳಿದಾಗ, ಹಿತ್ತಲಿನಲ್ಲಿ ಕತ್ತಿ ಹಿಡಿದಿದ್ದೆ ಎಂದೆ. ಅವಳೇ ತೆಂಗಿನೆಣ್ಣೆ ಹಚ್ಚಿದಳು.

ಆ ಎರಡು ತಿಂಗಳಲ್ಲಿ ಸಂಜೆಯ ಮಾತು ನಡೆದೇ ಇತ್ತು, ಆದರೆ ಅವಳು ಮೊದಲಿನವಳಾಗಿರಲಿಲ್ಲ. ಒಂದು ಭಾನುವಾರ ಕನ್ನಡಿಯ ಮುಂದೆ ನಿಂತು, “ಅಪ್ಪಾ, ನಾ ಅಷ್ಟ ಮುದುಕಿ ಹಂಗ ಕಾಣ್ತೀನೇನು?” ಎಂದಳು. ಸ್ಕೂಟರ್ ಕಲಿಯಲು ಹೆಸರು ಕೊಟ್ಟು ಬಂದಿದ್ದಳು, ಅದನ್ನು ಬಿಟ್ಟಳು. “ನಲವತ್ತು ದಾಟಿದ ಮ್ಯಾಲ ಇನ್ನೇನ ಸ್ಕೂಟರ್” ಎಂದಳು. ನಾನು ಚೆಂಡೆಯ ಬಗ್ಗೆ ಆಡಿದ ಸುಳ್ಳು ಅವಳ ಉಳಿದ ಆಸೆಗಳಿಗೂ ಹೋಗಿ ತಾಗುತ್ತಿತ್ತು. ಅದನ್ನು ಕಣ್ಣಾರೆ ಕಂಡೂ ಮರುದಿನ ಮೂರು ಗಂಟೆಯ ಪಾಠಕ್ಕೆ ಬಸ್ಸು ಹತ್ತಿದೆ.

ಕಲ್ಲು ಬಿಡುವ ದಿನ ಬಂತು. ಆಶಾನ್ ಒಬ್ಬೊಬ್ಬರನ್ನೇ ಎಬ್ಬಿಸಿ, ದೀಪಕ್ಕೆ ನಮಸ್ಕಾರ ಮಾಡಿಸಿ, ಹೆಗಲಿಗೆ ಚೆಂಡೆ ತೂಗಿಸುತ್ತಿದ್ದರು. ನನ್ನ ಕಲ್ಲಿನ ಮುಂದೆ ನಿಂತರು. “ಇವತ್ತು ಕೊನೆ. ಮಗಳು ಬರ್ಲೇ ಇಲ್ಲ?”

“ಬರೂದಿಲ್ರಿ. ಆಕೀಗೆ ಮನಸ್ಸಿಲ್ಲ.”

ಅವರು ನನ್ನಿಂದಲೂ ದೀಪಕ್ಕೆ ನಮಸ್ಕಾರ ಮಾಡಿಸಿದರು. ಆಮೇಲೆ ಉಳಿದಿದ್ದ ಹನ್ನೆರಡನೆಯ ಚೆಂಡೆಯನ್ನು ನನ್ನ ಹೆಗಲಿಗೆ ಹಾಕಿದರು. ಹೆಂಗಸರ ಮೇಳದಲ್ಲಿ ಮುದುಕನೇಕೆ ಎಂದು ನಾನೇ ಸಂಕೋಚ ತೋರಿಸಿದೆ. ಜಲಜಕ್ಕ ಬಿಡಲಿಲ್ಲ: “ಇರ್ಲಿ ಅಜ್ಜ. ನಮಗೆ ದೃಷ್ಟಿ ತಾಗದ ಹಾಗೆ ಒಂದು ಬೊಂಬೆ ಬೇಕಿತ್ತು.”

ಮೊದಲ ಪೆಟ್ಟು ಹೊಡೆದೆ. ಎರಡು ತಿಂಗಳು ಮೂಕವಾಗಿದ್ದದ್ದು ಬಾಯಿ ತೆರೆದ ಹಾಗೆ ಇತ್ತು. ಆ ಸದ್ದು ಕೈಯಿಂದ ಭುಜಕ್ಕೆ, ಭುಜದಿಂದ ಎದೆಗೆ ಬಂತು. ಆ ಗಳಿಗೆಯಲ್ಲಿ ನನಗೆ ಪಾಪಪ್ರಜ್ಞೆ ಆಗಬೇಕಿತ್ತು. ಆಗಲಿಲ್ಲ. ಸಂತೋಷವಾಯಿತು. ಸುಳ್ಳು ಹೇಳಿದ್ದಕ್ಕಿಂತ ಈ ಸಂತೋಷವನ್ನು ಒಪ್ಪಿಕೊಳ್ಳುವುದೇ ನನಗೆ ಕಷ್ಟ.

ನಾನೇ ಹೋಗಿ ಮಗಳ ಮುಂದೆ ನಿಜ ಹೇಳಿದೆ ಎಂದು ಬರೆಯುವ ಆಸೆಯಿದೆ. ಹಾಗಾಗಲಿಲ್ಲ. ನನ್ನ ಮಗಳು ಹೊಸಂಗಡಿಯಲ್ಲಿ ಅಚ್ಚುಕಟ್ಟಾಗಿ ಹೊಲಿಯುತ್ತಾಳೆ ಎಂದು ಒಮ್ಮೆ ಅಂಗಳದಲ್ಲಿ ಹೆಮ್ಮೆಯಿಂದ ಹೇಳಿದ್ದೆ. ಅರಂಗೇಟ್ರಕ್ಕೆ ಎಲ್ಲರಿಗೂ ಒಂದೇ ಬಣ್ಣದ ರವಿಕೆ ಆಗಬೇಕಿತ್ತು. ಜಲಜಕ್ಕ ನನಗೆ ಹೇಳದೆಯೇ ಬಟ್ಟೆ ಹೊತ್ತುಕೊಂಡು ಶೈಲಾಳ ಅಂಗಡಿಗೆ ಹೋದಳು. ಹನ್ನೊಂದು ರವಿಕೆ, ಒಂದು ಶರ್ಟು. “ಶರ್ಟು ನಮ್ಮ ಅಜ್ಜನಿಗೆ. ಅಳತೆ ನಿಮ್ಮ ಹತ್ರವೇ ಉಂಟಲ್ಲ. ಅಪ್ಪನಿಗಿದ್ದ ಉಮೇದು ನಿಮಗ್ಯಾಕೆ ಇಲ್ಲ ಶೈಲಕ್ಕಾ?” ಎಂದಳಂತೆ.

ಆ ಸಂಜೆ ಶೈಲಾ ಮನೆಗೆ ಬಂದು ಕೆಂಪು ಬಟ್ಟೆಯ ಕಟ್ಟನ್ನು ಮಂಚದ ಮೇಲಿಟ್ಟಳು. ಚೀಲದಿಂದ ಟೇಪು ತೆಗೆದಳು.

“ಎದ್ದು ನಿಲ್ಲು. ಕೈ ಎತ್ತು.”

ಎತ್ತಿದೆ. ಎದೆಯ ಸುತ್ತ ಟೇಪು ತಂದು ನೋಡಿ, ಪುಸ್ತಕದಲ್ಲಿ ಬರೆದುಕೊಂಡಳು. ಬೆನ್ನ ಹಿಂದೆ ಹೋಗಿ ಹೆಗಲು ಅಳೆಯುತ್ತಾ ಕೇಳಿದಳು: “ಜಲಜಕ್ಕನಿಗೆ ಎಷ್ಟು ಪ್ರಾಯ, ಗೊತ್ತುಂಟಾ?”

ನಾನು ಮಂಚದ ಮೇಲಿನ ಕೆಂಪು ಕಟ್ಟನ್ನು ನೋಡಿದೆ.

“ಐವತ್ತೆರಡು. ಅವರಲ್ಲಿ ನಲವತ್ತರ ಒಳಗಿನವರು ಇಬ್ಬರೇ ಅಂತೆ.” ತೋಳಿನ ಉದ್ದ ತೆಗೆದಳು. “ನಿನಗೆ ಎಪ್ಪತ್ತೊಂದು.”

“ಶೈಲವ್ವಾ...”

“ಯಾಕಪ್ಪಾ?”

“ಸಂಜೀ ಮುಂದ ನೀ ಮಷೀನ್ ಹಿಡಕೊಂಡು ಕೂಡ್ತೀನಿ ಅಂದಿ. ನನಗ ಇಲ್ಲಿ ಬ್ಯಾರೆ ಯಾರದಾರವಾ? ಆ ಎರಡು ತಾಸು ಹೋಗ್ತಾವಂತ...” 

ಅವಳು ಟೇಪನ್ನು ಬೆರಳಿಗೆ ಸುತ್ತುತ್ತಾ ನಿಂತಳು. “ಇರು ಅಂತ ಒಂದು ಮಾತು ಕೇಳಿದ್ರೆ ನಾನು ಇರ್ತಿರಲಿಲ್ವಾ?” ಎಂದಳು. ಬೈಯಲಿಲ್ಲ, ಅಳಲಿಲ್ಲ. “ನನಗೆ ಪ್ರಾಯ ಆಯ್ತು ಅಂತ ನಂಬಿಸಿದೆಯಲ್ಲ” ಎಂದು ಒಳಗೆ ಹೋದಳು. ಅಂದು ಅಡುಗೆಮನೆಯ ಬಾಗಿಲಲ್ಲಿ ನಾನು ಮಣೆ ಹಾಕಲಿಲ್ಲ.

ಮರುದಿನ ಆಶಾನರ ಅಂಗಳದಲ್ಲಿ ಎಲ್ಲರ ಎದುರೇ ನಡೆದದ್ದನ್ನು ಹೇಳಿದೆ. ಚೆಂಡೆ ತೆಗೆದು ಚಾಪೆಯ ಮೇಲಿಟ್ಟು, ಇದನ್ನು ನನ್ನ ಮಗಳಿಗೆ ಕೊಡಿ ಎಂದು ಕೈಮುಗಿದೆ.  ಜಲಜಕ್ಕ ಹೆಗಲಿನ ಚೆಂಡೆ ಇಳಿಸಿ, “ಇದನ್ನು ಹೊಟ್ಟೆಯಲ್ಲಿ ಇಟ್ಕೊಂಡೇ ನಮ್ಮ ಒಟ್ಟಿಗೆ ನಗಾಡ್ತಾ ಇದ್ದದ್ದಾ ಅಜ್ಜ?” ಎಂದಳು. ಈ ಸಲ ಅವಳ ದನಿಯಲ್ಲಿ ತಮಾಷೆ ಇರಲಿಲ್ಲ.

ಆಶಾನ್ ಹೇಳಿದರು: “ಚೆಂಡೆ ಕೊಡ್ಬಹುದು. ಎರಡು ತಿಂಗಳು ಕಲ್ಲಿನ ಮುಂದೆ ಕೂರದವರಿಗೆ ಕೊಟ್ಟು ಎಂತ ಮಾಡುದು? ಆ ದಿವಸಗಳನ್ನು ನೀವು ತೆಗೊಂಡಿದ್ದೀರಿ. ಈ ತಂಡಕ್ಕೆ ಇನ್ನು ಅವಳು ಬರ್ಲಿಕ್ಕಾಗುದಿಲ್ಲ.” ಚಾಪೆಯ ಮೇಲಿನ ಚೆಂಡೆಯನ್ನು ಎತ್ತಿಟ್ಟು ಅಂದರು: “ಒಬ್ಬಳೇ ಕಲೀತೇನೆ ಅಂದ್ರೆ ಆದಿತ್ಯವಾರ ಹೇಳಿ ಕೊಡ್ತೇನೆ. ಆದ್ರೆ ನೀವು ಕರ್ಕೊಂಡು ಬರ್ಬೇಡಿ. ಅವಳಾಗಿ ಬರ್ಲಿ. ನೀವು ಬೇಕಾದ್ರೆ ಸಾಲಿನಲ್ಲಿ ಇರಿ, ಓಡಿಸುದಿಲ್ಲ.”

ನಾನು ಇರಲಿಲ್ಲ. ಅರಂಗೇಟ್ರಕ್ಕೂ ಹೋಗಲಿಲ್ಲ. ಹನ್ನೊಂದು ಜನವೇ ಹೊಡೆದರಂತೆ. ಶೈಲಾ ರವಿಕೆಗಳ ಜೊತೆಗೆ ನನ್ನ ಶರ್ಟನ್ನೂ ಹೊಲಿದಿದ್ದಳು. ಇಸ್ತ್ರಿ ಹಾಕಿ ಮಂಚದ ಮೇಲಿಟ್ಟಳು. ನಾನು ಅದನ್ನು ಮೈಗೆ ಹಾಕಿಲ್ಲ.

ಆಶಾನರ ಮಾತನ್ನು ಅವಳಿಗೆ ಹೇಳಿದೆ. ಮೂರು ವಾರ ಏನೂ ಅನ್ನಲಿಲ್ಲ. ನಾಲ್ಕನೆಯ ಭಾನುವಾರ ಊಟ ಮುಗಿಸಿ, “ನಾನು ಬರುವಾಗ ಐದಾಗ್ತದೆ” ಎಂದಷ್ಟೇ ಹೇಳಿ ಬಸ್ಸಿಗೆ ಹೋದಳು. ಮರುದಿನ ಹಿತ್ತಲಿನಲ್ಲಿ, ಬಟ್ಟೆ ಒಗೆಯುವ ಜಾಗದ ಪಕ್ಕ ಒಂದು ಕರಿಕಲ್ಲು ಬಂದಿತ್ತು. ಸಂಜೆ ಅಂಗಡಿಯಿಂದ ಬಂದು, ಹಿತ್ತಲ ಬಾಗಿಲು ಎಳೆದುಕೊಂಡು, ಅದರ ಮುಂದೆ ಕೂತಳು. ನಾನು ಒಳಗಿನಿಂದ ಕೇಳುತ್ತಿದ್ದೆ. ನಾನು ತಪ್ಪುತ್ತಿದ್ದ ಕಡೆಯೇ ಅವಳೂ ತಪ್ಪುತ್ತಿದ್ದಳು. ಎಡಗೈ ಅರ್ಧ ಕ್ಷಣ ತಡವಾಗಿ ಬೀಳುತ್ತದೆ. ಮಣಿಕಟ್ಟನ್ನು ಸಡಿಲ ಬಿಟ್ಟರೆ ಸರಿಹೋಗುತ್ತದೆ. ಒಮ್ಮೆ ಹೇಳಬೇಕೆನಿಸಿ ಬಾಗಿಲು ತೆರೆದೆ. ಅವಳು ಕೋಲು ಕೆಳಗಿಟ್ಟು, ಚಾ ಬೇಕಾ ಎಂದು ಕೇಳಿ ಎದ್ದುಬಿಟ್ಟಳು. ಆಮೇಲೆ ನಾನು ತೆರೆಯಲಿಲ್ಲ.

ಅವಳು ನನ್ನನ್ನು ಚೆನ್ನಾಗಿಯೇ ನೋಡಿಕೊಳ್ಳುತ್ತಾಳೆ. ಮಾತೂ ಇದೆ. ಆದರೆ ಈಗ ನನ್ನೊಡನೆ ಆಡುವುದು ಇಲ್ಲಿಯ ಕನ್ನಡ, ಅಂಗಡಿಗೆ ಬಂದವರೊಡನೆ ಆಡುವ ಕನ್ನಡ.

ಈ ಸಲದ ಚಳಿಗಾಲಕ್ಕೆ ಹತ್ತು ದಿನ ಬ್ಯಾಡಗಿಗೆ ಬಂದಿದ್ದೆನಲ್ಲ, ನಿಮ್ಮಲ್ಲಿ ಹಲವರು ನನ್ನನ್ನು ನೋಡಿದ್ದೀರಿ. ಪೇಟೆಯಲ್ಲಿ ಕಾಲಿಟ್ಟ ಕೂಡಲೇ ಮೆಣಸಿನ ಘಾಟಿಗೆ ಸೀನಿದೆ. ಮೊದಲು ಹಾಗಾಗುತ್ತಿರಲಿಲ್ಲ. ತಮ್ಮನ ಮಗ ಬಸವರಾಜ, “ದೊಡ್ಡಪ್ಪಾ, ಆ ಉಪ್ಪುನೀರಿನ ಊರಾಗ ಏನೈತಿ? ಇಲ್ಲೇ ಇರು, ಮುಂದಿನ ಖೋಲಿ ನಿಂದ” ಎಂದ. ದಿನವಿಡೀ ನಮ್ಮ ಭಾಷೆಯಲ್ಲಿ ಮಾತು, ಕಟ್ಟೆಯ ಮೇಲೆ ಕೂತವರು ಎದ್ದು ಜಾಗ ಕೊಟ್ಟರು. ಯಾವುದಕ್ಕಾಗಿ ಹಂಬಲಿಸಿ ಮಗಳಿಗೆ ಸುಳ್ಳು ಹೇಳಿದೆನೋ ಅದೆಲ್ಲ ಕೈಯಳತೆಯಲ್ಲಿತ್ತು. ಆದರೆ “ಅಲ್ಲಿ ದಿನಾ ಏನ್ ಮಾಡ್ತಿ?” ಎಂದು ನೀವು ಕೇಳಿದಾಗ ಎದ್ದುಹೋದೆ. ಎದ್ದುಹೋದದ್ದರ ಕಾರಣ ಇಲ್ಲಿಯವರೆಗೆ ಬರೆದದ್ದು. ಸಂಜೆಯಾದರೆ, ಈಗ ಶೈಲಾ ಕಲ್ಲಿನ ಮುಂದೆ ಕೂತಿರುತ್ತಾಳೆ, ಎಡಗೈ ಸರಿಹೋಯಿತೋ ಇಲ್ಲವೋ ಎಂಬ ಯೋಚನೆ ಬರುತ್ತಿತ್ತು. ಬಸವರಾಜನಿಗೆ ಆಗಲಿ ಎಂದೂ ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಮಂಗಳೂರಿಗೆ ಬಸ್ಸು ಹತ್ತಿದೆ.

ಭಾನುವಾರ ಸಂಜೆ ಹೊಸಂಗಡಿಯಲ್ಲಿ ಇಳಿದಾಗ ಇನ್ನೂ ಬಿಸಿಲಿತ್ತು. ಮನೆಯ ತಿರುವಿನಲ್ಲೇ ಸದ್ದು ಕೇಳಿಸಿತು. ಮೂರನೆಯ ಕಾಲ, ಅಂದರೆ ಎಲ್ಲಕ್ಕಿಂತ ಬೇಗದ ನಡೆ. ನಾನು ಹೋಗುವಾಗ ಅವಳು ಎರಡನೆಯದರಲ್ಲೇ ಇದ್ದಳು. ಎಡಗೈ ತಪ್ಪುತ್ತಿರಲಿಲ್ಲ. ನಾನು ಹೇಳಿಕೊಡದೆಯೇ ಅವಳು ಅದನ್ನು ದಾಟಿದ್ದಳು. ಗೇಟಿನ ಚಿಲಕಕ್ಕೆ ಕೈ ಹಾಕಿದವನು ಹಾಗೇ ನಿಂತೆ. ಚಿಲಕ ತೆಗೆದರೆ ಸದ್ದಾಗುತ್ತದೆ, ಸದ್ದಾದರೆ ಅವಳು ಎದ್ದು ಬರುತ್ತಾಳೆ.

ಎದುರು ಮನೆಯ ಬೀಪಾತುಮ್ಮ ಒಣಗಿದ ಬಟ್ಟೆ ತೆಗೆಯುತ್ತಾ ನೋಡಿದಳು. “ಎಂತ ಅಜ್ಜ, ಚೀಲ ಹಿಡ್ಕೊಂಡು ಹೊರಗೆ ನಿಂತಿದ್ದೀರಿ? ಬೀಗ ಹಾಕಿದ್ದಾರಾ?”

“ಇಲ್ಲಮ್ಮಾ,” ಎಂದೆ ಮೆಲ್ಲನೆ. “ಬಾಗಿಲು ತೆರೆದೇ ಉಂಟು.”

ಚೀಲವನ್ನು ಕಾಂಪೌಂಡಿನ ಬುಡಕ್ಕಿಟ್ಟು, ಅವಳು ಮುಗಿಸುವವರೆಗೆ ರಸ್ತೆಯಲ್ಲೇ ನಿಂತೆ.